ಆಡಿ ನೋಡಿ, ಆಮೇಲೆ ಅರ್ಜಿ ಹಾಕಿ

ಗೇಮ್ ಕಟ್ಟುವುದನ್ನು ಕಲಿಸುವ ಪದವಿಗೆ ವಿದ್ಯಾರ್ಥಿಗಳನ್ನು ಸೆಳೆಯಲು ಕಾಲೇಜುಗಳು ಗೇಮಿಂಗ್ ಪ್ರದರ್ಶನಗಳಲ್ಲಿ ಮಳಿಗೆ ಹಾಕುತ್ತಿವೆ. ಪಿಯುಸಿ ಮುಗಿಸಲಿರುವ ಮಕ್ಕಳ ಕಣ್ಣು ಪರದೆಯ ಮೇಲಿದ್ದರೆ, ಅಪ್ಪ-ಅಮ್ಮನ ಕಣ್ಣು ಶುಲ್ಕದ ಪಟ್ಟಿಯ ಮೇಲೆ. ಇಬ್ಬರೂ ನೋಡಬೇಕಾದದ್ದು ಮಾತ್ರ ಮೇಜಿನ ಮೇಲಿನ ಆ ಅರೆಬೆಂದ ಡೆಮೊವನ್ನು!

ಪರದೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಲಾಟೀನು ಹಿಡಿದು ಹಳ್ಳದ ಅಂಚಿಗೆ ಬಂದು ನಿಂತಿದ್ದಾಳೆ. ಕಂಟ್ರೋಲರ್ ಇರುವುದು ಒಬ್ಬ ತಾಯಿಯ ಕೈಯಲ್ಲಿ. ಯಾವ ಗುಂಡಿ ಒತ್ತಿದರೆ ಹುಡುಗಿ ಹಾರುತ್ತಾಳೋ ಅವರಿಗೆ ಗೊತ್ತಿಲ್ಲ. ಒಂದನ್ನು ಒತ್ತಿದರು, ಹುಡುಗಿ ಕುಳಿತಳು. ಇನ್ನೊಂದನ್ನು ಒತ್ತಿದರು, ಲಾಟೀನು ಆರಿತು.

‘ಅಮ್ಮಾ, ಕೆಳಗಿಂದು ಒತ್ತು.’

‘ಸುಮ್ನಿರೋ, ನಾನೇ ನೋಡ್ತೀನಿ.’

ಅವರ ಬೆನ್ನ ಹಿಂದೆ ಕಾಲೇಜಿನ ಟೀ ಶರ್ಟ್ ತೊಟ್ಟ ವಿದ್ಯಾರ್ಥಿನಿ ತುಟಿ ಬಿಗಿಹಿಡಿದು ನಿಂತಿದ್ದಾಳೆ. ಆ ಆಟ ಕಟ್ಟಿದ ತಂಡದವಳು ಅವಳು. ‘ಆಂಟಿ, ಇದು ಒತ್ತಿ’ ಎಂದುಬಿಟ್ಟರೆ ಒಂದೇ ಕ್ಷಣದಲ್ಲಿ ಸಮಸ್ಯೆ ಮುಗಿಯುತ್ತದೆ. ಆದರೆ ಹೇಳುವಂತಿಲ್ಲ. ನಾಳೆ ಆ ಆಟ ಯಾರದೋ ಮನೆಯ ಫೋನಿನಲ್ಲಿ ತೆರೆದುಕೊಂಡಾಗ ಹೇಳಿಕೊಡಲು ಇವಳು ಅಲ್ಲಿರುವುದಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡು, ಆಡುವವರ ಬೆರಳು ಎಲ್ಲಿ ತಡವರಿಸಿತು, ಎಷ್ಟು ಹೊತ್ತು ತಡವರಿಸಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಗೇಮ್ ಕಟ್ಟುವವರು ಇದನ್ನು ಪ್ಲೇಟೆಸ್ಟ್ ಎನ್ನುತ್ತಾರೆ. ಆ ಪದವಿಯ ಅತಿ ಕಷ್ಟದ ಪಾಠಗಳಲ್ಲಿ ಇದೂ ಒಂದು, ಮತ್ತು ಅದನ್ನು ಕ್ಲಾಸಿನೊಳಗೆ ಕಲಿಯಲು ಬರುವುದಿಲ್ಲ.

ಇಂಥ ದೃಶ್ಯ ಗೇಮಿಂಗ್ ಪ್ರದರ್ಶನದ ಯಾವ ವಿದ್ಯಾರ್ಥಿ ಮಳಿಗೆಯಲ್ಲೂ ಕಾಣಸಿಗುತ್ತದೆ. ಅದರ ಬೆನ್ನಿಗೇ ಅಪ್ಪನ ಪ್ರಶ್ನೆಯೂ ಬರುತ್ತದೆ: ‘ಇದನ್ನ ಓದಿದ್ರೆ ಕೆಲಸ ಸಿಗುತ್ತಾಮ್ಮ?’

ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವ ಮಳಿಗೆ ಬೆಂಗಳೂರಿಗೆ ಬೇಕಾಗಿದೆ.

ಪಾಳ್ಯದ ಸಂಜೆ

ಹೊಸೂರು ರಸ್ತೆಯಲ್ಲಿ ಡೇರಿ ಸರ್ಕಲ್ ದಾಟಿ ಬಂದರೆ ಸಿಗುವ ಸುದ್ದಗುಂಟೆಪಾಳ್ಯ ಈಗ ಹೆಚ್ಚಿನವರ ಬಾಯಲ್ಲಿ ‘ಎಸ್.ಜಿ. ಪಾಳ್ಯ’. 1969ರಲ್ಲಿ ಕಾಲೇಜಾಗಿ ಆರಂಭವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಕ್ರೈಸ್ಟ್ ಇರುವುದು ಇಲ್ಲೇ. ಕ್ಯಾಂಪಸ್ಸಿನ ಸುತ್ತಲ ಓಣಿಗಳ ತುಂಬ ಪಿಜಿಗಳು, ಜೆರಾಕ್ಸ್ ಅಂಗಡಿಗಳು, ಟೀ ಅಂಗಡಿಗಳು. ಸಂಜೆ ಏಳಕ್ಕೆ ಒಂದು ಸುತ್ತು ಹಾಕಿದರೆ ಮಲಯಾಳ, ಹಿಂದಿ, ಖಾಸಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅಂಗಡಿ ಕಟ್ಟೆಯ ಮೇಲೆ ಫೋನನ್ನು ಅಡ್ಡ ಹಿಡಿದು ಬಿಜಿಎಂಐ ಆಡುವ ನಾಲ್ವರ ಗುಂಪಂತೂ ತಪ್ಪುವುದಿಲ್ಲ. ಆ ಆಟವನ್ನು 2021ರ ಜುಲೈಯಲ್ಲಿ ಭಾರತಕ್ಕೆಂದೇ ಬಿಡುಗಡೆ ಮಾಡಿದ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯ ಭಾರತದ ಕಚೇರಿ ಇರುವುದೂ ಇದೇ ಬೆಂಗಳೂರಿನಲ್ಲಿ.

ಪಾಳ್ಯದಿಂದ ಆಟೊ ಹತ್ತಿದರೆ ಸ್ವಲ್ಪ ಹೊತ್ತಿಗೆ ಬಿಟಿಎಂ ಲೇಔಟ್ ಒಂದನೇ ಹಂತ. ಅಲ್ಲಿದೆ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್. ಮೊಬೈಲು, ಗೇಮುಗಳ ಗೀಳಿಗೆ ಬಿದ್ದವರಿಗಾಗಿ 2014ರಲ್ಲಿ ದೇಶದಲ್ಲೇ ಮೊದಲಿಗೆ ‘ಶಟ್’ ಕ್ಲಿನಿಕ್ ಆರಂಭಿಸಿದ್ದು ನಿಮ್ಹಾನ್ಸ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ಗೇಮಿಂಗ್ ಗೀಳು ಸೇರಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆ ಪಟ್ಟಿಯ 11ನೇ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಅಕ್ಕಪಕ್ಕದ ಬಡಾವಣೆಗಳಲ್ಲೇ ಗೇಮ್ ಆಡುವವರು, ಗೇಮ್ ಬಿಡಿಸುವವರು ಇಬ್ಬರೂ ಇದ್ದಾರೆ. ಗೇಮ್ ಕಟ್ಟುವುದನ್ನು ಕಲಿಯಲು ಹೊರಟ ಹುಡುಗನ ಮನೆಯಲ್ಲಿ ಜಗಳ ಶುರುವಾಗುವುದೂ ಇಲ್ಲಿಂದಲೇ. ‘ಆಡಿ ಆಡಿ ಕೆಟ್ಟಿದ್ದು ಸಾಲದು ಅಂತ ಅದನ್ನೇ ಓದ್ತೀಯಾ?’ ಎಂಬ ಮಾತಿನ ಹಿಂದಿರುವುದು ಅಜ್ಞಾನವಲ್ಲ, ಕಣ್ಣಾರೆ ಕಂಡ ಭಯ. ಮಳಿಗೆಯಲ್ಲಿ ನಿಲ್ಲುವವರು ಮೊದಲು ಆ ಭಯಕ್ಕೆ ಗೌರವ ಕೊಡಬೇಕು.

ಇನ್ನೊಂದು ಭಯ ಜೂಜಿನದು. ರಮ್ಮಿ ಆ್ಯಪುಗಳಲ್ಲಿ ಹಣ ಕಳೆದುಕೊಂಡ ಸುದ್ದಿ ಓದಿದವರಿಗೆ ‘ಗೇಮಿಂಗ್’ ಎಂದರೆ ಮೊದಲು ನೆನಪಾಗುವುದು ಅದೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲೇ ಕಾನೂನು ತಂದು ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಹಣದ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳಿಗೆ ಉತ್ತೇಜನ. ಕಾಲೇಜಿನವರು ಪೋಷಕರಿಗೆ ಈ ವ್ಯತ್ಯಾಸವನ್ನು ಎರಡು ಮಾತಿನಲ್ಲಿ, ಅದೂ ಕನ್ನಡದಲ್ಲಿ ತಿಳಿಸಿ ಹೇಳಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಒಂದು ಡೆಮೊ ಮಾಡಿದ ಕೆಲಸ

ಪ್ರದರ್ಶನದ ಮೇಜಿನ ಮೇಲಿಟ್ಟ ವಿದ್ಯಾರ್ಥಿ ಆಟವೊಂದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಗೇಮ್ ಲೋಕದಲ್ಲಿ ಎಲ್ಲರೂ ಹೇಳುವ ಕಥೆ ಅಮೆರಿಕದ ಡಿಜಿಪೆನ್ ಸಂಸ್ಥೆಯದು. ಅಲ್ಲಿ ಕಿಮ್ ಸ್ವಿಫ್ಟ್ ಮತ್ತು ಸಹಪಾಠಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ‘ನಾರ್ಬಾಕ್ಯುಲರ್ ಡ್ರಾಪ್’ ಎಂಬ ಆಟ ಕಟ್ಟಿದರು. ಆಟದ ರಾಜಕುಮಾರಿಗೆ ಹಾರಲು ಬರುವುದಿಲ್ಲ. ಗೋಡೆಯ ಮೇಲೆ ಒಂದು ಬಾಗಿಲು, ನೆಲದ ಮೇಲೆ ಇನ್ನೊಂದು ಬಾಗಿಲು ತೆರೆದು, ಇದರೊಳಗೆ ಹೊಕ್ಕು ಅದರಿಂದ ಹೊರಬರುವುದೇ ದಾರಿ. 2005ರಲ್ಲಿ ಕಾಲೇಜಿನ ಉದ್ಯೋಗ ಮೇಳದಲ್ಲಿ ಇದನ್ನು ಆಡಲು ಇಟ್ಟಿದ್ದರು. ನೋಡಲು ಬಂದ ವಾಲ್ವ್ ಗೇಮ್ ಕಂಪನಿಯವರಿಗೆ ಹಿಡಿಸಿತು. ಕಚೇರಿಗೆ ಕರೆಸಿ ಮತ್ತೊಮ್ಮೆ ಆಡಿಸಿ ನೋಡಿದ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಇಡೀ ತಂಡವನ್ನೇ ಕೆಲಸಕ್ಕೆ ಸೇರಿಸಿಕೊಂಡರು. ಆ ಎರಡು ಬಾಗಿಲುಗಳ ಉಪಾಯವೇ ಬೆಳೆದು 2007ರಲ್ಲಿ ‘ಪೋರ್ಟಲ್’ ಎಂಬ ಆಟವಾಗಿ ಹೊರಬಂತು.

ಗಮನಿಸಬೇಕಾದದ್ದು ಇಷ್ಟು: ಆ ಡೆಮೊ ನೋಡಲು ಚೆಂದವಿರಲಿಲ್ಲ. ಬಣ್ಣ ಮಂಕು, ಬೊಂಬೆಗಳು ಒರಟು. ಆದರೆ ಅಲ್ಲಿಯವರೆಗೆ ಹೆಚ್ಚಿನವರು ಆಡಿರದ ಒಂದು ಉಪಾಯ ಅದರಲ್ಲಿತ್ತು, ಮತ್ತು ಅದನ್ನು ಮೇಳಕ್ಕೆ ಬಂದವರು ಕೈಯಾರೆ ಮುಟ್ಟಿ ನೋಡಬಹುದಿತ್ತು. ಡಿಜಿಪೆನ್‌ಗೆ ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಹೋರ್ಡಿಂಗಿನಿಂದಲೂ ಸಿಗುತ್ತಿರಲಿಲ್ಲ.

ಸ್ಕಾಟ್ಲೆಂಡಿನ ಡಂಡಿಯಲ್ಲಿ 1997ರಲ್ಲೇ ಕಂಪ್ಯೂಟರ್ ಗೇಮ್ ಪದವಿ ಆರಂಭಿಸಿದ ಅಬರ್ಟೆ ವಿಶ್ವವಿದ್ಯಾಲಯ ಈ ಗುಟ್ಟನ್ನು ಬೇಗ ಅರಿತಿತು. ಅದು ನಡೆಸುತ್ತಿದ್ದ ‘ಡೇರ್’ ಸ್ಪರ್ಧೆಯಲ್ಲಿ ವಿದ್ಯಾರ್ಥಿ ತಂಡಗಳು ಬೇಸಿಗೆಯಲ್ಲಿ ಕೆಲವು ವಾರ ಕೂತು ಆಟ ಕಟ್ಟಿ, ಕೊನೆಗೆ ‘ಪ್ರೊಟೊಪ್ಲೇ’ ಹೆಸರಿನ ಹಬ್ಬದಲ್ಲಿ ಊರಿನವರ ಮುಂದೆ ಇಡುತ್ತಿದ್ದವು. ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ-ಅಜ್ಜಿಯರೂ ಆಡಿ, ಮೆಚ್ಚಿದ ಆಟಕ್ಕೆ ಮತ ಹಾಕುತ್ತಿದ್ದರು. ಟೋಕಿಯೊ ಗೇಮ್ ಶೋನಲ್ಲೂ ಅಷ್ಟೆ, ದೊಡ್ಡ ಕಂಪನಿಗಳ ಜಗಮಗದ ನಡುವೆ ಗೇಮ್ ಶಾಲೆಗಳಿಗೆಂದೇ ಒಂದು ವಿಭಾಗವಿದ್ದು, ಅಲ್ಲಿ ವಿದ್ಯಾರ್ಥಿಗಳ ಕೃತಿಗಳನ್ನು ಆಡಿ ನೋಡಬಹುದು.

► ಬೆಂಗಳೂರಿನ ಗೇಮ್ ಹಾದಿ
*ರಾಜೇಶ್ ರಾವ್ 1997ರಲ್ಲಿ ಇಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿ ಎಂದೇ ಹೆಸರಾದುದು. ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸ ಅದರ ಆರಂಭದ ದಿನಗಳದು. ಮುಂದೆ ಮೈಕ್ರೊಸಾಫ್ಟ್‌ನ ‘ಫೋರ್ಝಾ’ ಸರಣಿಯ ಕಾರುಗಳ ಕೆಲಸವೂ ಅಲ್ಲಿ ನಡೆಯಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಧ್ರುವವನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಅಮೆರಿಕದ ಗೇಮ್ ಕಂಪನಿ ಜಿಂಗಾ 2010ರಲ್ಲೇ ಇಲ್ಲಿ ನೆಲೆಯೂರಿತ್ತು. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ.*

ಅದೇ ವಾರ, ಎರಡು ಸುದ್ದಿ

ನಮ್ಮಲ್ಲಿ ಇಂಥ ಮಳಿಗೆಗಳಿಗೆ ಸಿಗುವ ದೊಡ್ಡ ಅಂಗಳ ‘ಬೆಂಗಳೂರು ಗ್ಯಾಫೆಕ್ಸ್’. ಬೆಂಗಳೂರಿನ ಅನಿಮೇಷನ್ ಉದ್ಯಮದ ಸಂಘ ‘ಅಬಾಯ್’ ರಾಜ್ಯ ಸರ್ಕಾರದ ಜತೆಗೂಡಿ ನಡೆಸುವ ಸಮಾವೇಶ ಇದು. 2024ರ ಜನವರಿ 29ರಿಂದ 31ರವರೆಗೆ ಲಲಿತ್ ಅಶೋಕ್ ಹೋಟೆಲಿನಲ್ಲಿ ನಡೆದಾಗ ರಾಜ್ಯದ ಹೊಸ ಎವಿಜಿಸಿ-ಎಕ್ಸ್‌ಆರ್ (ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿ ಅಲ್ಲಿಯೇ ಬಿಡುಗಡೆಯಾಯಿತು. 2028ರ ಹೊತ್ತಿಗೆ 30 ಸಾವಿರ ಹೊಸ ಉದ್ಯೋಗ ಅದರ ಗುರಿ. ಕಾಮಿಕ್ ಕಾನ್, ಬೆಂಗಳೂರು ಟೆಕ್ ಶೃಂಗಸಭೆಗಳಿಗೂ ಗೇಮಿಂಗ್ ಹುಡುಗರು ಬರುತ್ತಾರೆ. ಮಳಿಗೆಗೆ ಜನರ ಕೊರತೆಯಿಲ್ಲ.

ಆದರೆ 2025ರ ಗ್ಯಾಫೆಕ್ಸ್ ಫೆಬ್ರುವರಿ 27ರಂದು ಆರಂಭವಾದಾಗ ಊರಿನಲ್ಲಿ ಇನ್ನೊಂದು ಸುದ್ದಿ ಹರಡಿತ್ತು. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿ ಅದೇ ವಾರ ಬಾಗಿಲು ಹಾಕಿಕೊಂಡಿತ್ತು. ಭಾರತದಲ್ಲಿ ಸುಮಾರು ಮೂರು ಸಾವಿರ ಜನ ಅದರ ನೌಕರರು, ಬಹುಪಾಲು ಬೆಂಗಳೂರಿನವರು. ಸಿನಿಮಾದ ಎಫೆಕ್ಟ್ಸ್, ಅನಿಮೇಷನ್, ಗೇಮುಗಳ ಚಿತ್ರಕಲೆ ಎಲ್ಲವನ್ನೂ ಮಾಡುತ್ತಿದ್ದ ಪಳಗಿದ ಕೈಗಳು ಒಂದೇ ಸಲಕ್ಕೆ ಕೆಲಸ ಹುಡುಕತೊಡಗಿದವು.

‘ಕೆಲಸ ಸಿಗುತ್ತಾ?’ ಎಂದು ಕೇಳುವ ತಂದೆಗೆ ಈ ಎರಡೂ ಸುದ್ದಿಯನ್ನು ಹೇಳಬೇಕು. 30 ಸಾವಿರದ ಗುರಿಯನ್ನಷ್ಟೇ ಹೇಳಿ ಮೂರು ಸಾವಿರದ ಸಂಕಟವನ್ನು ಮುಚ್ಚಿಟ್ಟರೆ ಅದು ಮೋಸ. ಈ ಉದ್ಯಮ ಏರುಪೇರಿನದು. ಹೊರದೇಶದ ಸ್ಟುಡಿಯೊಗಳ ಕೆಲಸವನ್ನು ಇಲ್ಲಿ ಮಾಡಿಕೊಡುವುದೇ ಅದರ ದೊಡ್ಡ ಪಾಲು, ಹಾಗಾಗಿ ಅಲ್ಲಿ ಮೋಡ ಕವಿದರೆ ಇಲ್ಲಿ ಮಳೆ. ಇಷ್ಟು ಗೊತ್ತಿದ್ದೂ ಆ ಹಾದಿ ಹಿಡಿಯುವ ಹುಡುಗ ಹುಡುಗಿಯರು ಬೇಕು. ಗೊತ್ತಿಲ್ಲದೆ ಬಂದು ಬೀಳುವವರು ಬೇಡ.

ವೆಕ್ಟರ್ ಪಾಠದ ಕಾವಲುಗಾರ

ಹಾಗಾದರೆ ಈ ಕೋರ್ಸಿನಲ್ಲಿ ಓದುವುದೇನು? ಆಟದ ನಿಯಮ ಕಟ್ಟುವ ವಿನ್ಯಾಸ, ಪಾತ್ರ-ಪರಿಸರಗಳ ಚಿತ್ರಕಲೆ, ಪ್ರೋಗ್ರಾಮಿಂಗ್, ಧ್ವನಿ, ಇವೆಲ್ಲವನ್ನೂ ದಿನಾಂಕದೊಳಗೆ ಮುಗಿಸುವ ತಂಡದ ನಿರ್ವಹಣೆ. ಒಬ್ಬರಿಗೇ ಎಲ್ಲವೂ ಬರುವುದಿಲ್ಲ. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ. ಅಲ್ಲಿಗೆ ಹೋಗಲು ಸಂಸ್ಥೆಯ ಪ್ರವೇಶ ಪರೀಕ್ಷೆ ದಾಟಬೇಕು. ಪದವಿ ಮಟ್ಟದಲ್ಲಿ ಖಾಸಗಿ ಸಂಸ್ಥೆಗಳೇ ಹೆಚ್ಚು, ಶುಲ್ಕವೂ ಲಕ್ಷಗಳ ಲೆಕ್ಕದಲ್ಲಿ.

ಮಳಿಗೆಯಲ್ಲಿ ಪಿಯುಸಿ ಹುಡುಗನಿಗೆ ಇದನ್ನು ಮನಗಾಣಿಸುವುದು ಸುಲಭ. ಆಟದೊಳಗೆ ಒಬ್ಬ ಕಾವಲುಗಾರ ನಿಂತಿದ್ದಾನೆ ಎನ್ನಿ. ಆಟಗಾರ ಅವನ ಎದುರಿಗಿದ್ದಾನೋ ಬೆನ್ನ ಹಿಂದಿದ್ದಾನೋ ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಕಾವಲುಗಾರ ಮುಖ ಮಾಡಿದ ದಿಕ್ಕು ಒಂದು ವೆಕ್ಟರ್. ಅವನಿಂದ ಆಟಗಾರನವರೆಗಿನ ಗೆರೆ ಇನ್ನೊಂದು. ಎರಡರ ಡಾಟ್ ಪ್ರಾಡಕ್ಟ್ ತೆಗೆದರೆ ಉತ್ತರ ಧನವಾಗಿದ್ದಲ್ಲಿ ಆಟಗಾರ ಮುಂದಿದ್ದಾನೆ, ಋಣವಾಗಿದ್ದಲ್ಲಿ ಹಿಂದಿದ್ದಾನೆ. ಪರೀಕ್ಷೆಗೆಂದು ಉರು ಹೊಡೆದ ದ್ವಿತೀಯ ಪಿಯುಸಿ ಗಣಿತ ಅಲ್ಲಿ ಕಣ್ಣು ಬಿಟ್ಟು ನೋಡುತ್ತದೆ! ಸೆಕೆಂಡಿಗೆ 60 ಚಿತ್ರ ಓಡಬೇಕಾದ ಆಟದಲ್ಲಿ ಈ ಲೆಕ್ಕ, ಬೆಳಕು, ನೆರಳು, ಶಬ್ದ ಎಲ್ಲಕ್ಕೂ ಸೇರಿ ಒಂದು ಚಿತ್ರಕ್ಕೆ ಸಿಗುವ ಅವಧಿ 17 ಮಿಲಿಸೆಕೆಂಡಿಗೂ ಕಡಿಮೆ. ಇಷ್ಟನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ, ಗೇಮ್ ಆಡುವುದಕ್ಕೂ ಗೇಮ್ ಕಟ್ಟುವುದಕ್ಕೂ ಎಷ್ಟು ದೂರ ಎಂಬುದು ಮಗನಿಗೂ ಅಪ್ಪನಿಗೂ ಒಟ್ಟಿಗೇ ತಿಳಿಯುತ್ತದೆ.

ಕಲಿಯಲು ಬೇಕಾದ ಹತಾರಗಳು ಇವತ್ತು ಪುಕ್ಕಟೆ. ಆಟ ಕಟ್ಟುವ ಗೊಡೊ ಎಂಜಿನ್ ಮತ್ತು 3ಡಿ ಚಿತ್ರಕ್ಕೆ ಬಳಸುವ ಬ್ಲೆಂಡರ್ ಸಂಪೂರ್ಣ ಉಚಿತ, ಮುಕ್ತ ತಂತ್ರಾಂಶಗಳು. ಯೂನಿಟಿ, ಅನ್‌ರಿಯಲ್‌ಗಳನ್ನೂ ಕಲಿಯುವವರು ಹಣ ಕೊಡದೆ ಬಳಸಬಹುದು. ಹಾಗಾಗಿ ಲ್ಯಾಬಿನಲ್ಲಿ ಈ ಸಾಫ್ಟ್‌ವೇರ್ ಇದೆ, ಆ ಸಾಫ್ಟ್‌ವೇರ್ ಇದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಬ್ರೋಷರಿನಿಂದ ಪ್ರಯೋಜನವಿಲ್ಲ. ಶುಲ್ಕ ಕೊಟ್ಟು ಪಡೆಯಬೇಕಾದದ್ದು ಬೇರೆಯೇ ಇದೆ: ನಿಷ್ಠುರವಾಗಿ ತಿದ್ದುವ ಅಧ್ಯಾಪಕರು, ಜಗಳವಾಡಿಯೂ ಒಟ್ಟಿಗೆ ಆಟ ಮುಗಿಸುವ ಸಹಪಾಠಿಗಳು, ಸೋಲಲು ಮೂರು ನಾಲ್ಕು ವರ್ಷದ ಬಿಡುವು.

ಇದೇ ಕಾರಣಕ್ಕೆ, ಜಗತ್ಪ್ರಸಿದ್ಧ ಗೇಮಿನ ನಾಯಕನ ಚಿತ್ರವನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ ನಿಲ್ಲಿಸುವ ಮಳಿಗೆಗಳನ್ನು ಕಂಡರೆ ಬೇಸರವಾಗುತ್ತದೆ. ಆ ಆಟ ಆ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಹುಡುಗನಿಗೆ ಕಾಲೇಜಿನ ಬಗ್ಗೆ ತಿಳಿದದ್ದು ಏನೂ ಇಲ್ಲ. ಪಕ್ಕದ ಇ-ಸ್ಪೋರ್ಟ್ಸ್ ವೇದಿಕೆಯ ಅಬ್ಬರದೊಂದಿಗೆ ಪೈಪೋಟಿಗೆ ಇಳಿದರೆ ಕಾಲೇಜು ಸೋಲುವುದು ಖಂಡಿತ. ವಿದ್ಯಾರ್ಥಿಯ ಆಟ, ಅದರ ಪಕ್ಕ ಆ ವಿದ್ಯಾರ್ಥಿ: ಈ ಜೋಡಿಯನ್ನು ಬೇರೆ ಯಾವ ವೇದಿಕೆಯೂ ಕೊಡಲಾರದು.

ಚೆನ್ನಾಗಿ ನಡೆಯುವ ಮಳಿಗೆಯ ಗುಟ್ಟುಗಳು ಸಣ್ಣವು. ಡೆಮೊ ಮೂರು ನಾಲ್ಕು ನಿಮಿಷಕ್ಕೆ ಮುಗಿಯಬೇಕು, ಇಲ್ಲವಾದರೆ ಸಾಲು ಕರಗುತ್ತದೆ. ಆಡುವವರು ಅರ್ಧಕ್ಕೆ ಎದ್ದು ಹೋದರೆ ಆಟ ತಾನಾಗಿಯೇ ಮೊದಲಿಗೆ ಮರಳಬೇಕು. ಕಂಟ್ರೋಲರ್ ವಯರಿನದೇ ಇರಲಿ. ನೂರಾರು ಫೋನುಗಳಿರುವ ಸಭಾಂಗಣದಲ್ಲಿ ಬ್ಲೂಟೂತ್ ಕೈಕೊಡುತ್ತದೆ. ಪ್ರದರ್ಶನದ ಹಿಂದಿನ ರಾತ್ರಿ ಬಿಲ್ಡ್ (ಆಡಲು ಸಿದ್ಧಪಡಿಸಿಟ್ಟ ಆವೃತ್ತಿ) ಬದಲಿಸಬಾರದು ಎಂಬುದು ಗೇಮ್ ಕಟ್ಟುವವರೆಲ್ಲ ಬಲ್ಲ ನಿಯಮ, ಮತ್ತು ಎಲ್ಲರೂ ಮುರಿಯುವ ನಿಯಮ. ಆಟ ನಡುವೆ ನಿಂತುಹೋದರೆ ಮುಚ್ಚಿಡುವ ಅಗತ್ಯವಿಲ್ಲ. ‘ಅಂಕಲ್, ಇದು ನಮ್ಮ ಬಗ್, ಇನ್ನೂ ಸಿಕ್ಕಿಲ್ಲ’ ಎಂದು ವಿದ್ಯಾರ್ಥಿ ವಿವರಿಸತೊಡಗಿದರೆ ಆ ಕೋರ್ಸಿನ ಬಗ್ಗೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

► ಅರಮನೆ ಗೋಡೆಯ ಆಟಗಳು
*ಗೇಮ್ ಡಿಸೈನ್ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳನ್ನೂ ಇಸ್ಪೀಟಿನ ಬಗೆಗಳನ್ನೂ ಸ್ವತಃ ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವರ ಆಟಗಳ ಚಿತ್ರಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಹೆಸರಿನಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಗಳ ಪ್ರದರ್ಶನ ನಡೆಸುತ್ತ ಬಂದಿದೆ.*

ಏನು ಕೇಳಬೇಕು?

ಮಳಿಗೆಗೆ ಹೋದ ಪೋಷಕರು ಸಂಕೋಚ ಬಿಟ್ಟು ಕೇಳಬೇಕಾದ ಮಾತುಗಳಿವೆ. ಕೊಡುವುದು ಪದವಿಯೋ, ಡಿಪ್ಲೊಮಾನೋ, ಬರೀ ಸರ್ಟಿಫಿಕೇಟೋ? ಪದವಿಯಾದರೆ ಯಾವ ವಿಶ್ವವಿದ್ಯಾಲಯದ್ದು, ಯುಜಿಸಿ ಮಾನ್ಯತೆ ಇದೆಯೇ? ತರಬೇತಿ ಸಂಸ್ಥೆಯ ಹೆಸರು ದಪ್ಪಕ್ಷರದಲ್ಲೂ ವಿಶ್ವವಿದ್ಯಾಲಯದ ಹೆಸರು ಸಣ್ಣಕ್ಷರದಲ್ಲೂ ಇದ್ದರೆ ಆ ಸಣ್ಣಕ್ಷರವನ್ನೇ ಮೊದಲು ಓದಬೇಕು. ‘ಶೇಕಡ ನೂರು ಪ್ಲೇಸ್‌ಮೆಂಟ್’ ಎಂದರೆ ಯಾವ ಕಂಪನಿ, ಯಾವ ಹುದ್ದೆ ಎಂದು ಕೇಳಬೇಕು. ಬಿಡುಗಡೆಯಾದ ಹೆಚ್ಚಿನ ಆಟಗಳ ಕೊನೆಯಲ್ಲಿ ದುಡಿದವರ ಹೆಸರು ಓಡುತ್ತದೆ. ಹಳೆಯ ವಿದ್ಯಾರ್ಥಿಗಳ ಹೆಸರು ಯಾವ ಆಟದಲ್ಲಿದೆ ಎಂದು ಕೇಳಿದರೆ ಒಳ್ಳೆಯ ವಿಭಾಗ ತಡವರಿಸದೆ ತೋರಿಸುತ್ತದೆ.

ಇಷ್ಟೆಲ್ಲ ಕೇಳುವುದು ಯಾವ ಭಾಷೆಯಲ್ಲಿ? ಇದೇ ದೊಡ್ಡ ಕೊರತೆ. ಬ್ರೋಷರ್ ಇಂಗ್ಲಿಷ್, ಪರದೆ ಇಂಗ್ಲಿಷ್, ನಿಂತವರ ಮಾತೂ ಇಂಗ್ಲಿಷ್. ಚಳ್ಳಕೆರೆಯಿಂದಲೋ ಕುಣಿಗಲ್ಲಿನಿಂದಲೋ ಮಗಳನ್ನು ಕರೆದುಕೊಂಡು ಬಂದ ತಂದೆ ಕಾಗದವನ್ನು ಮಡಿಸಿ ಜೇಬಿಗಿಟ್ಟು ಹೊರಟುಬಿಡುತ್ತಾರೆ. ಮಗಳಿಗೆ ಚಿತ್ರ ಬರೆಯಲು ಬರುತ್ತದೆ, ಲೆಕ್ಕವೂ ಬರುತ್ತದೆ. ಆದರೆ ಅವಳಿಗೆ ಹೊಂದುವ ಓದು ಇದೇ ಎಂದು ಆ ಮನೆಗೆ ಯಾರೂ ತಿಳಿಸುವುದಿಲ್ಲ. ವಿದ್ಯಾರ್ಥಿ ಆಟಗಳಲ್ಲಿ ಕನ್ನಡದ ಆಯ್ಕೆ ಸೇರಿಸುವುದು ಹೆಚ್ಚಿನ ಖರ್ಚಿನದಲ್ಲ. ಒತ್ತಕ್ಷರ ಒಡೆಯದಂತೆ ಪರದೆಯ ಮೇಲೆ ಮೂಡಿಸುವುದು ಎಂಜಿನ್ನಿನ ಮಟ್ಟದಲ್ಲಿ ತುಸು ತಲೆನೋವಿನ ಕೆಲಸ ನಿಜ, ಆದರೆ ಅದೇ ಒಂದು ಒಳ್ಳೆಯ ಸೆಮಿಸ್ಟರ್ ಪ್ರಾಜೆಕ್ಟ್ ಆದೀತು.

ಗ್ಯಾಫೆಕ್ಸ್‌ನಂಥ ಸಮಾವೇಶಗಳಿಗೆ ಬರುವವರು ಬಹುಮಟ್ಟಿಗೆ ಈ ಲೋಕವನ್ನು ಆಗಲೇ ಬಲ್ಲವರು. ಅರಿಯದವರು ಸೇರುವ ಪ್ರದರ್ಶನಗಳು ಬೇರೆ ಇವೆ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ 19ನೇ ಶತಮಾನದಿಂದ ಬಂದ ಪರಂಪರೆಯಿದೆ. ರಾಜ್ಯದ ಮೂಲೆಮೂಲೆಯ ಕುಟುಂಬಗಳು ಅಲ್ಲಿಗೆ ಬರುತ್ತವೆ, ಸಂಜೆಯಿಡೀ ಸುತ್ತುತ್ತವೆ. ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್‌ಗಳಲ್ಲಿ ಫಲಪುಷ್ಪ ಪ್ರದರ್ಶನ. ಅದು ಸುದ್ದಗುಂಟೆಪಾಳ್ಯಕ್ಕೆ ಹತ್ತಿರದ ದಾರಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಜನಸಾಗರ. ದಕ್ಷಿಣ ಬೆಂಗಳೂರಿನ ಒಂದು ವಿಶ್ವವಿದ್ಯಾಲಯವಾದರೂ ಇಂಥ ಕಡೆ ಮೇಜು ಹಾಕಲಿ. ಚೌಕಾಬಾರದ ಮಣೆಯೊಂದನ್ನು ಇಟ್ಟು, ಪಕ್ಕದಲ್ಲೇ ವಿದ್ಯಾರ್ಥಿಗಳು ಅದೇ ನಿಯಮಗಳಿಂದ ಕಟ್ಟಿದ ಡಿಜಿಟಲ್ ಆಟ ಇಡಲಿ. ಕವಡೆ ಹಾಕಿ ಬಲ್ಲ ಅಜ್ಜಿ ಮಣೆಯ ಮುಂದೆ, ಮೊಮ್ಮಗಳು ಪರದೆಯ ಮುಂದೆ ಕೂರಬಹುದು. ಕಟ್ಟೆಯಲ್ಲಿ ಬಿದ್ದ ಕಾಯಿಯನ್ನು ಹೊಡೆಯುವಂತಿಲ್ಲ ಎಂಬ ನಿಯಮವನ್ನು ಪ್ರೋಗ್ರಾಮಿನಲ್ಲಿ ಹೇಗೆ ಬರೆಯುತ್ತಾರೆ ಎಂದು ಅವಳಿಗೆ ಅಲ್ಲೇ ತೋರಿಸಬಹುದು. ಇದಕ್ಕೆ ಬೇಕಾಗುವುದು ಎರಡು ಲ್ಯಾಪ್‌ಟಾಪ್, ಒಂದು ಮಣೆ, ಕರೆಂಟಿನ ವ್ಯವಸ್ಥೆ, ಮತ್ತು ಕನ್ನಡದಲ್ಲಿ ಉತ್ತರಿಸಬಲ್ಲ ಮೂವರು ವಿದ್ಯಾರ್ಥಿಗಳು.